ಕ್ಷ ಸಿಕ್ಕಿದರೆ ನಿಂಜನ ಕಣ್ಣು ತೆರೆಯುತ್ತದೆ: ಅನಿಮೆ ಬೀಜಗಣಿತದ ಹಾಳೆಗಳನ್ನು ಕೊಳ್ಳುವ ಮುನ್ನ

ಏಳನೇ, ಎಂಟನೇ ತರಗತಿಯ ಮಕ್ಕಳ ನೋಟ್ ಪುಸ್ತಕದ ಕೊನೆಯ ಪುಟ ತಿರುಗಿಸಿ ನೋಡಿ. ಚೂಪು ಚೂಪು ಕೂದಲು, ಹಣೆಗೆ ಪಟ್ಟಿ, ಅರ್ಧ ಮುಖ ತುಂಬುವ ಕಣ್ಣು. ಮಂಜೇಶ್ವರದಲ್ಲೂ ಅದೇ, ಮುಳ್ಳೇರಿಯದಲ್ಲೂ ಅದೇ. ಡಬ್ಬಿಂಗ್ ಆಗಿ ಬಂದ ಅನಿಮೆಯ, ಅಂದರೆ ಜಪಾನೀ ಕಾರ್ಟೂನ್ ಧಾರಾವಾಹಿಗಳ ಪ್ರಭಾವ ಅದು. ಈ ಆಸೆಯನ್ನೇ ಹಿಡಿದುಕೊಂಡು ಸರಳ ಸಮೀಕರಣ ಅಭ್ಯಾಸ ಮಾಡಿಸುವ ಹಾಳೆಗಳು ಆನ್‌ಲೈನ್‌ನಲ್ಲಿ ಬೇಕಾದಷ್ಟು ಸಿಗುತ್ತವೆ. ಕೆಲವು ಉಚಿತ, ಹೆಚ್ಚಿನವಕ್ಕೆ ದುಡ್ಡು. ಕಾಸರಗೋಡಿನ ಕನ್ನಡ ಮಾಧ್ಯಮದ ತರಗತಿಗೆ ಇವುಗಳಲ್ಲಿ ಯಾವುದು ಹೊಂದುತ್ತದೆ, ಯಾವುದು ಎಲ್ಲಿ ಕೈಕೊಡುತ್ತದೆ ಎಂಬುದನ್ನು ಇಲ್ಲಿ ಬರೆದಿದ್ದೇವೆ. ಮಾರುವವರ ಹೆಸರಿಗಿಂತ ಹಾಳೆ ಯಾವ ಬಗೆಯದು ಎಂಬುದು ಮುಖ್ಯ. ಹಾಗಾಗಿ ಬಗೆಯನ್ನೇ ವಿಮರ್ಶೆಗೆ ತೆಗೆದುಕೊಂಡಿದ್ದೇವೆ. ಹಾಳೆಯಲ್ಲಿ ಎಕ್ಸ್ ಎಂದಿರುವುದನ್ನು ಇಲ್ಲಿ ಕ್ಷ ಎಂದು ಬರೆದಿದೆ.

ಮೊದಲನೆಯದು ಪರದೆಯ ಮೇಲಿನ ಪಿಕ್ಸೆಲ್ ಚಿತ್ರ. ಗೂಗಲ್ ಶೀಟ್ಸ್‌ನ ಒಂದು ಕಡತ. ಎಡಗಡೆ ಹತ್ತರಿಂದ ಇಪ್ಪತ್ತು ಸಮೀಕರಣ, ಅವುಗಳ ಪಕ್ಕ ಉತ್ತರ ತುಂಬುವ ಕೋಶ, ಬಲಗಡೆ ಬಿಳಿ ಚೌಕಗಳ ದೊಡ್ಡ ಜಾಲ. ಮಗು 3ಕ್ಷ + 5 = 20 ಬಿಡಿಸಿ 5 ಎಂದು ಒತ್ತಿದ ಕೂಡಲೇ ಜಾಲದಲ್ಲಿ ಕೆಲವು ಚೌಕಗಳಿಗೆ ಬಣ್ಣ ಬರುತ್ತದೆ. ಎಲ್ಲ ಉತ್ತರ ಸರಿಯಾದಾಗ ನಿಂಜನ ಮುಖವೋ, ನರಿಯ ಮುಖವಾಡವೋ ಪೂರ್ತಿ ಕಾಣುತ್ತದೆ. ಒಳಗಿರುವ ತಂತ್ರ ಬಹಳ ಸರಳ: ಕಂಡೀಷನಲ್ ಫಾರ್ಮ್ಯಾಟಿಂಗ್. ಇಂಥ ಕೋಶದಲ್ಲಿ ಇಂಥ ಸಂಖ್ಯೆ ಇದ್ದರೆ ಇಷ್ಟು ಚೌಕಕ್ಕೆ ಈ ಬಣ್ಣ ಎಂಬ ನಿಯಮ, ಪ್ರಶ್ನೆಗೊಂದರಂತೆ.

ಇದರ ಲಾಭ ದೊಡ್ಡದು. ಉತ್ತರ ಸರಿಯೋ ತಪ್ಪೋ ಎಂದು ತಿಳಿಯಲು ಮಗು ಟೀಚರ ಮೇಜಿನ ಮುಂದೆ ಸಾಲು ನಿಲ್ಲಬೇಕಾಗಿಲ್ಲ. ನಲವತ್ತು ನಿಮಿಷದ ಪೀರಿಯಡ್‌ನಲ್ಲಿ ಮೂವತ್ತು ಪುಸ್ತಕ ತಿದ್ದಲು ಯಾರಿಂದಲೂ ಆಗುವುದಿಲ್ಲ. ಈ ಹಾಳೆ ಆ ಭಾರ ಇಳಿಸುತ್ತದೆ. ಒಂದೇ ಬಗೆಯ ಹದಿನೈದು ಲೆಕ್ಕ ಎಂದರೆ ಮುಖ ಸಿಂಡರಿಸುವ ಮಗುವೂ ಅರ್ಧ ಮೂಡಿದ ಕಣ್ಣನ್ನು ಹಾಗೇ ಬಿಟ್ಟು ಏಳುವುದಿಲ್ಲ.

ಆದರೆ ಈ ಬಗೆಯ ಮುಖ್ಯ ದೋಷವೂ ಅಲ್ಲೇ ಇದೆ. ಒಂದು ಲೆಕ್ಕವನ್ನು ಹತ್ತಿರದಿಂದ ನೋಡೋಣ: 5 − 2ಕ್ಷ = 11. ಹೆಚ್ಚಿನ ಮಕ್ಕಳು 5ನ್ನು ಆಚೆ ಒಯ್ಯುತ್ತಾರೆ, 11 − 5 = 6 ಎನ್ನುತ್ತಾರೆ. ಅಷ್ಟರಲ್ಲಿ 2ಕ್ಷ ಮುಂದಿದ್ದ ಕಳೆಯುವ ಚಿಹ್ನೆ ಮರೆತೇಹೋಗುತ್ತದೆ. 2ಕ್ಷ = 6, ಕ್ಷ = 3. ಕೋಶದಲ್ಲಿ 3 ಒತ್ತುತ್ತಾರೆ, ಬಣ್ಣ ಬರುವುದಿಲ್ಲ. ಮುಂದೆ ಏನು ಮಾಡುತ್ತಾರೆ? ಪುಸ್ತಕಕ್ಕೆ ಮರಳುವುದಿಲ್ಲ. 3ರ ಎಡಕ್ಕೆ ಒಂದು ಕಳೆಯುವ ಚಿಹ್ನೆ ಸೇರಿಸಿ −3 ಎಂದು ಒತ್ತುತ್ತಾರೆ. ಬಣ್ಣ ಬಂತು, ಹುಬ್ಬು ಮೂಡಿತು, ಮುಂದಿನ ಪ್ರಶ್ನೆ. ಚಿಹ್ನೆ ಎಲ್ಲಿ ಕಳೆದುಹೋಯಿತು ಎಂದು ಮಗುವಿಗೂ ಗೊತ್ತಿಲ್ಲ, ಟೀಚರಿಗೂ ಗೊತ್ತಿಲ್ಲ. ಚಿತ್ರ ಮಾತ್ರ ಪೂರ್ತಿಯಾಗಿದೆ. ಹತ್ತು ಲೆಕ್ಕ ಹೀಗೆ ದಾಟಿದ ಮಗು ಪರೀಕ್ಷೆಯಲ್ಲಿ ಮತ್ತೆ 3 ಎಂದೇ ಬರೆಯುತ್ತದೆ. ಅಲ್ಲಿ ಬಣ್ಣ ಬಂದು ಎಚ್ಚರಿಸುವುದಿಲ್ಲ.

ಇದಕ್ಕೆ ಮದ್ದು ಕಡತದಲ್ಲಿಲ್ಲ, ಪಕ್ಕದ ಚೌಕುಳಿ ಪುಸ್ತಕದಲ್ಲಿದೆ. ಪ್ರತಿ ಲೆಕ್ಕಕ್ಕೂ ಕೊನೆಗೆ ತಾಳೆ ನೋಡುವ ಸಾಲು ಕಡ್ಡಾಯ ಮಾಡಿ: 5 − 2 × (−3) = 5 + 6 = 11. ಈ ಸಾಲು ಬರೆದ ಮೇಲೆಯೇ ಕೋಶಕ್ಕೆ ಉತ್ತರ. ಮಗು 3 ಇಟ್ಟು ತಾಳೆ ನೋಡಿದ್ದರೆ 5 − 6 = −1 ಬರುತ್ತಿತ್ತು, 11ಕ್ಕೂ −1ಕ್ಕೂ ಎಷ್ಟು ದೂರ ಎಂದು ಅದರ ಕಣ್ಣಿಗೇ ಬೀಳುತ್ತಿತ್ತು. ಬರೆಯುವಾಗ ಇನ್ನೊಂದು ತೊಡಕು: ಎಕ್ಸ್ ಅಕ್ಷರ ಮತ್ತು ಗುಣಿಸುವ ಚಿಹ್ನೆ ಮಕ್ಕಳ ಕೈಬರಹದಲ್ಲಿ ಒಂದೇ ಥರ ಕಾಣುತ್ತವೆ. ಎಕ್ಸ್ ಅನ್ನು ಬಾಗಿದ ಎರಡು ಗೆರೆಗಳಿಂದ ಬರೆಯಿಸಿ, ಗುಣಾಕಾರಕ್ಕೆ ಆವರಣ ಬಳಸಲು ಹೇಳಿ. ಈ ಗೊಂದಲದ ತಪ್ಪುಗಳು ಕಡಿಮೆಯಾಗುತ್ತವೆ.

ಕಡತ ಕೊಳ್ಳುವ ಮುನ್ನ ಮಾದರಿ ಸಿಕ್ಕಿದರೆ ನೋಡಬೇಕಾದ್ದು ಇಷ್ಟು. ಏನೂ ತುಂಬದ ಹಾಳೆಯಲ್ಲಿ ಆಗಲೇ ಒಂದಷ್ಟು ಚೌಕಕ್ಕೆ ಬಣ್ಣ ಬಂದಿದೆಯೇ? ಬಂದಿದ್ದರೆ ಯಾವುದೋ ಒಂದು ಪ್ರಶ್ನೆಯ ಉತ್ತರ ಸೊನ್ನೆ ಎಂದು ತಿಳಿಯಿರಿ. ಖಾಲಿ ಕೋಶವನ್ನು ಶೀಟ್ಸ್ ಸೊನ್ನೆಗೆ ಸಮ ಎಂದೇ ಲೆಕ್ಕ ಹಾಕುತ್ತದೆ. ಕೋಶ ಖಾಲಿ ಇರಬಾರದು ಎಂಬ ಎರಡನೇ ಶರತ್ತನ್ನು ನಿಯಮಕ್ಕೆ ಸೇರಿಸದೆ ಬಿಟ್ಟವರ ಕೆಲಸ ಉಳಿದ ಕಡೆಯೂ ಅಷ್ಟಕ್ಕಷ್ಟೇ. ಎರಡನೆಯದಾಗಿ, ಭಿನ್ನರಾಶಿ ಉತ್ತರಗಳಿವೆಯೇ ನೋಡಿ. ಮಗು 5/2 ಎಂದು ಒತ್ತಿದರೆ ಶೀಟ್ಸ್ ಅದನ್ನು ದಿನಾಂಕ ಮಾಡಿಬಿಡುತ್ತದೆ. ಉತ್ತರ ಸರಿಯಿದ್ದರೂ ಬಣ್ಣ ಬಾರದು, ಮಗು ತನ್ನ ಲೆಕ್ಕವೇ ತಪ್ಪೆಂದು ಅಳಿಸಿಹಾಕುತ್ತದೆ. ಸಮ ಚಿಹ್ನೆ ಹಾಕಿ 5/2 ಬರೆಯಬೇಕು, ಇಲ್ಲವೇ 2.5 ಎಂದು ಒತ್ತಬೇಕು ಎಂದು ಹಾಳೆಯ ತಲೆಯಲ್ಲೇ ಬರೆದಿರುವುದು ಒಳ್ಳೆಯ ಹಾಳೆ. ಉತ್ತರ 1/3 ಇದ್ದರೆ ದಶಮಾಂಶದ ದಾರಿಯೂ ಇಲ್ಲ, 0.33 ಎಂದರೆ ಒಪ್ಪುವುದಿಲ್ಲ. ಫೋನಿನಲ್ಲಿ ಮಾಡುವ ಮಕ್ಕಳು ಕೀಬೋರ್ಡಿನ ಉದ್ದ ಗೆರೆಯನ್ನು ಕಳೆಯುವ ಚಿಹ್ನೆ ಎಂದು ಒತ್ತುವುದುಂಟು. ಅದೂ ಸಂಖ್ಯೆಯಾಗುವುದಿಲ್ಲ. ಕ್ಷ = 4 ಎಂದು ಪೂರ್ತಿ ಬರೆದರೂ ಅಷ್ಟೇ, 4 ಮಾತ್ರ ಸಾಕು.

ಒಂದು ಎಚ್ಚರಿಕೆ. ಮಕ್ಕಳು ತಮ್ಮದೇ ಪ್ರತಿ ಮಾಡಿಕೊಂಡಾಗ ಆ ಪ್ರತಿಗೆ ಅವರೇ ಒಡೆಯರು. ಫಾರ್ಮ್ಯಾಟ್ ಪಟ್ಟಿಯಲ್ಲಿ ನಿಯಮ ತೆರೆದರೆ ಎಲ್ಲ ಉತ್ತರಗಳೂ ಕಾಣುತ್ತವೆ. ಎಂಟನೇ ತರಗತಿಯ ಒಬ್ಬ ಜಾಣ ಕಂಡುಹಿಡಿದರೆ ಮರುದಿನಕ್ಕೆ ತರಗತಿಗೇ ಗೊತ್ತಿರುತ್ತದೆ. ಪುಸ್ತಕದಲ್ಲಿ ಹಂತ ಕೇಳುವುದಕ್ಕೆ ಇದು ಇನ್ನೊಂದು ಕಾರಣ.

ನಮ್ಮ ಕಡೆಯ ಶಾಲೆಗಳ ಕಂಪ್ಯೂಟರ್ ಲ್ಯಾಬಿನಲ್ಲಿರುವುದು ಕೇರಳ ಸರಕಾರದ ಶಾಲಾ ತಂತ್ರಜ್ಞಾನ ಸಂಸ್ಥೆ ಕೈಟ್ ಕೊಟ್ಟ ಲಿನಕ್ಸ್, ಅದರಲ್ಲಿ ಶೀಟ್ಸ್ ಥರದ್ದೇ ಲಿಬ್ರೆಆಫೀಸ್ ಕ್ಯಾಲ್ಕ್. ಗೂಗಲ್ ಶೀಟ್ಸ್‌ನಿಂದ ಎಕ್ಸೆಲ್ ರೂಪದಲ್ಲಿ ಇಳಿಸಿಕೊಂಡರೆ ಬರಿಯ ಬಣ್ಣದ ನಿಯಮವಿರುವ ಹಾಳೆಗಳು ಕ್ಯಾಲ್ಕ್‌ನಲ್ಲಿ ಸಾಮಾನ್ಯವಾಗಿ ತೆರೆದುಕೊಳ್ಳುತ್ತವೆ. ಇಂಟರ್ನೆಟ್ ಹೋದರೂ ತರಗತಿ ನಿಲ್ಲುವುದಿಲ್ಲ. ಗೂಗಲ್‌ಗೇ ಸೀಮಿತವಾದ ಸೂತ್ರದಿಂದ ಚಿತ್ರ ತರಿಸುವ ಹಾಳೆಗಳು ಮಾತ್ರ ಅಲ್ಲಿ ನಡೆಯುವುದಿಲ್ಲ. ಹಾಗಾಗಿ ಒಂದು ಯಂತ್ರದಲ್ಲಿ ಮೊದಲೇ ತೆರೆದು, ಒಂದು ಸರಿ ಉತ್ತರ, ಒಂದು ತಪ್ಪು ಉತ್ತರ ಹಾಕಿ ನೋಡಿ. ಆಮೇಲೆ ಉಳಿದ ಯಂತ್ರಗಳಿಗೆ ಹಾಕಿ.

ಎರಡನೆಯ ಬಗೆ ಕಾಗದದ್ದು: ಉತ್ತರಕ್ಕೆ ತಕ್ಕ ಬಣ್ಣ ತುಂಬುವ ಹಾಳೆ. ಕ್ಷ = 4 ಬಂದರೆ ಆ ಪ್ರಶ್ನೆಯ ಜಾಗಕ್ಕೆ ಕೆಂಪು, −2 ಬಂದರೆ ನೀಲಿ. ಸಮೀಕರಣಕ್ಕೂ ಬಣ್ಣಕ್ಕೂ ಇರುವ ನಂಟು ನಮ್ಮಲ್ಲಿ ಹಳೆಯದು. 1150ರ ಹೊತ್ತಿಗೆ ಗಣಿತಜ್ಞ ಎರಡನೇ ಭಾಸ್ಕರ ತನ್ನ ‘ಬೀಜಗಣಿತ’ ಗ್ರಂಥದಲ್ಲಿ ಮೊದಲ ಅಜ್ಞಾತವನ್ನು ಯಾವತ್ತಾವತ್ ಎಂದ. ಮುಂದಿನವಕ್ಕೆ ಕಾಲಕ, ನೀಲಕ, ಪೀತಕ, ಲೋಹಿತಕ ಎಂಬ ಹೆಸರು ಬಳಸಿದ: ಕಪ್ಪು, ನೀಲಿ, ಹಳದಿ, ಕೆಂಪು. ಬರೆಯುವಾಗ ಯಾ, ಕಾ, ನೀ ಎಂಬ ಮೊದಲ ಅಕ್ಷರ ಸಾಕು. ಮಕ್ಕಳಿಗೆ ಇದನ್ನು ಹೇಳಿ, ಎಕ್ಸ್ ಎಂಬುದು ಒಂದು ಹೆಸರಷ್ಟೇ ಎಂದು ಆಗ ತಲೆಗೆ ಹೋಗುತ್ತದೆ.

ಕಾಗದದ ಹಾಳೆಯಲ್ಲಿ ಉತ್ತರಗಳ ಪಟ್ಟಿ ಬಣ್ಣದ ಹೆಸರಿನ ಜೊತೆ ಕೆಳಗೇ ಅಚ್ಚಾಗಿರುತ್ತದೆ. ಮಕ್ಕಳು ಲೆಕ್ಕ ಬಿಡಿಸದೆ ಪಟ್ಟಿಯ ಸಂಖ್ಯೆಗಳನ್ನು ಒಂದೊಂದಾಗಿ ಕ್ಷ ಜಾಗಕ್ಕೆ ಹಾಕಿ ನೋಡುತ್ತಾರೆ. ಇದನ್ನು ಕಳ್ಳದಾರಿ ಎಂದು ಗದರಿಸಬೇಕಾಗಿಲ್ಲ. ಏಳನೇ ತರಗತಿಯ ಮೊದಲ ವಾರಗಳಲ್ಲಿ, ಸಮೀಕರಣದ ಉತ್ತರ ಎಂದರೆ ಎಡಭಾಗ ಬಲಭಾಗಗಳನ್ನು ಸಮ ಮಾಡುವ ಸಂಖ್ಯೆ ಎಂಬ ಅರ್ಥ ಕೂರುವುದು ಹೀಗೆ ಹಾಕಿ ನೋಡಿದಾಗಲೇ. ಆದರೆ 7ಕ್ಷ − 4 = 3ಕ್ಷ + 12ರಂಥ ಲೆಕ್ಕಕ್ಕೆ ಬಂದಾಗಲೂ ಮಗು ಹಾಗೇ ಮಾಡುತ್ತಿದ್ದರೆ ಪಟ್ಟಿಯನ್ನು ಮಡಚಿ ಮುಚ್ಚಿಸಿ.

ಮುದ್ರಣದ ವಿಷಯಕ್ಕೆ ಬಂದರೆ, ಅಮೆರಿಕದಿಂದ ಬಂದ ಹಾಳೆಗಳು ಲೆಟರ್ ಅಳತೆಯವು: 216 × 279 ಮಿಲಿಮೀಟರ್. ನಮ್ಮ ಎ4 ಎಂದರೆ 210 × 297. ಇದ್ದ ಅಳತೆಯಲ್ಲೇ ಮುದ್ರಿಸಿದರೆ ಅಗಲದಲ್ಲಿ 6 ಮಿಲಿಮೀಟರ್ ಹೊರಗುಳಿಯುತ್ತದೆ, ಅಂಚಿನ ಪ್ರಶ್ನೆಯ ಸಂಖ್ಯೆ ಕತ್ತರಿಸಿಹೋಗುತ್ತದೆ. ಪ್ರಿಂಟ್ ಅಂಗಡಿಯಲ್ಲಿ ಪುಟಕ್ಕೆ ಹೊಂದಿಸಿ ಎಂದು ಹೇಳಲು ಮರೆಯಬೇಡಿ. ಅಡ್ಡಕ್ಕೆ 40 ಚೌಕವಿರುವ ಜಾಲವಾದರೆ ಎ4ನಲ್ಲಿ ಒಂದೊಂದು ಚೌಕ ಸುಮಾರು ನಾಲ್ಕೂವರೆ ಮಿಲಿಮೀಟರ್. ಅದಕ್ಕೆ ಮೇಣದ ಬಣ್ಣ ಆಗುವುದಿಲ್ಲ, ಚೂಪು ಮಾಡಿದ ಬಣ್ಣದ ಪೆನ್ಸಿಲೇ ಬೇಕು. ಸ್ಕೆಚ್ ಪೆನ್ ಹಾಕಿದರೆ ಸಾಮಾನ್ಯ ಕಾಗದದಲ್ಲಿ ಹಿಂಬದಿಗೆ ಇಳಿಯುತ್ತದೆ, ಮಳೆಗಾಲದ ತೇವದಲ್ಲಿ ಇನ್ನೂ ಹೆಚ್ಚು. ಎರಡೂ ಬದಿ ಮುದ್ರಿಸಿ ಕಾಗದ ಉಳಿಸಲು ಹೋಗಬೇಡಿ. ಹನ್ನೆರಡು ಬಣ್ಣದ ಡಬ್ಬಿಯಲ್ಲಿ ಇಲ್ಲದ ಹೆಸರುಗಳನ್ನು ಹಾಳೆ ಕೇಳುತ್ತದೆ: ಪೀಚ್, ಟೀಲ್, ಟ್ಯಾನ್. ಪ್ರತಿ ತೆಗೆಸುವ ಮೊದಲೇ ಅವುಗಳ ಮೇಲೆ ಬಿಳಿ ಪಟ್ಟಿ ಅಂಟಿಸಿ ಕಿತ್ತಳೆ, ಹಸಿರು, ಕಂದು ಎಂದು ಕನ್ನಡದಲ್ಲಿ ಬರೆದುಬಿಡಿ. ಬೂದು ಗೆರೆಯ ಜಾಲ ಫೋಟೋಕಾಪಿಯಲ್ಲಿ ಮಾಯವಾಗುತ್ತದೆ, ಕಪ್ಪು ಗೆರೆ ಇರುವುದನ್ನೇ ಆರಿಸಿ.

ಸಮಯ ಈ ಬಗೆಯ ಶತ್ರು. ಲೆಕ್ಕಕ್ಕೆ ಹತ್ತು ನಿಮಿಷ, ಬಣ್ಣಕ್ಕೆ ಮೂವತ್ತು ನಿಮಿಷ ಆಗಿಬಿಡುತ್ತದೆ. ತರಗತಿಯಲ್ಲಿ ಲೆಕ್ಕ ಮಾತ್ರ, ಚೌಕದಲ್ಲಿ ಬಣ್ಣದ ಮೊದಲ ಅಕ್ಷರ ಮಾತ್ರ. ಬಣ್ಣ ಮನೆಯಲ್ಲಿ.

ಮೂರನೆಯದು ಮುಖ ಕಟ್ಟುವ ಹಾಳೆ. ನಮ್ಮ ಮಟ್ಟಿಗೆ ಮೂರರಲ್ಲಿ ಇದೇ ಮೇಲು. ದುಡ್ಡು ಕೊಡುವುದಾದರೆ ಇದಕ್ಕೇ ಕೊಡಿ. ಖಾಲಿ ಮುಖದ ಗೆರೆಚಿತ್ರ ಒಂದಿರುತ್ತದೆ. ಪ್ರತಿ ಪ್ರಶ್ನೆಗೆ ಮುಖದ ಒಂದು ಅಂಗ, ಅದರ ಮೂರು ಉತ್ತರಗಳಿಗೆ ಆ ಅಂಗದ ಮೂರು ರೂಪ. ಬಂದ ಉತ್ತರಕ್ಕೆ ತಕ್ಕಂತೆ ಮಗು ಕೂದಲು, ಕಣ್ಣು, ಹಣೆಪಟ್ಟಿ, ಶಾಲು ಬಿಡಿಸಬೇಕು. ಉತ್ತರ ತಪ್ಪಾದರೂ ಕೆಲಸ ನಿಲ್ಲುವುದಿಲ್ಲ, ಮುಖ ಬೇರೆಯಾಗುತ್ತದೆ ಅಷ್ಟೇ. ಹಾಗಾಗಿ ಅಡ್ಡದಾರಿಯ ಊಹೆಗೆ ಪ್ರೋತ್ಸಾಹವಿಲ್ಲ.

ಒಳ್ಳೆಯ ಹಾಳೆಯಲ್ಲಿ ತಪ್ಪು ಉತ್ತರಗಳು ಸುಮ್ಮನೆ ಹಾಕಿದ ಸಂಖ್ಯೆಗಳಾಗಿರುವುದಿಲ್ಲ, ಮಕ್ಕಳು ನಿಜಕ್ಕೂ ಮಾಡುವ ತಪ್ಪಿನಿಂದ ಬಂದವಾಗಿರುತ್ತವೆ. ನಾಲ್ಕು ಪ್ರಶ್ನೆಗಳ ಒಂದು ಮಾದರಿ ನೋಡಿ. ಕ್ಷ + 7 = 3, ಕೂದಲಿಗೆ. ಸರಿ ಉತ್ತರ −4. 7ನ್ನು ಆಚೆ ಒಯ್ದು ಚಿಹ್ನೆ ಬದಲಿಸದವರಿಗೆ 10 ಬರುತ್ತದೆ, ದೊಡ್ಡದರಿಂದ ಚಿಕ್ಕದನ್ನು ಕಳೆದುಬಿಟ್ಟವರಿಗೆ 4. ಎರಡನೆಯದು 2(ಕ್ಷ − 4) = 10, ಕಣ್ಣಿಗೆ. ಸರಿ ಉತ್ತರ 9. ಆವರಣದ ಮೊದಲ ಪದವನ್ನು ಮಾತ್ರ 2ರಿಂದ ಗುಣಿಸಿದವರು 2ಕ್ಷ − 4 = 10 ಎಂದುಕೊಂಡು 7 ತರುತ್ತಾರೆ. ಸರಿಯಾಗಿ ಬಿಡಿಸಿ 8ನ್ನು ಆಚೆ ಒಯ್ಯುವಾಗ ಕೂಡುವ ಬದಲು ಕಳೆದವರಿಗೆ 2ಕ್ಷ = 2, ಅಂದರೆ 1. ಮೂರನೆಯದು 7ಕ್ಷ − 4 = 3ಕ್ಷ + 12, ಹಣೆಪಟ್ಟಿಗೆ. ಸರಿ ಉತ್ತರ 4. ಸಂಖ್ಯೆಯ ಚಿಹ್ನೆ ಬದಲಿಸದವರು 4ಕ್ಷ = 8 ಮಾಡಿ 2 ಬರೆಯುತ್ತಾರೆ. ಕ್ಷ ಪದದ ಚಿಹ್ನೆ ಬದಲಿಸದವರು 10ಕ್ಷ = 16 ಮಾಡಿ 1.6. ನಾಲ್ಕನೆಯದು ಕ್ಷ/3 + 2 = 7, ಶಾಲಿಗೆ. ಸರಿ ಉತ್ತರ 15. 3ರಿಂದ ಗುಣಿಸುವಾಗ 2ನ್ನು ಬಿಟ್ಟವರಿಗೆ ಕ್ಷ + 2 = 21, ಅಂದರೆ 19. 2ನ್ನು ಕಳೆಯುವ ಬದಲು ಕೂಡಿದವರಿಗೆ 27.

ನಾಲ್ಕು ಪ್ರಶ್ನೆ, ಮೂರು ಮೂರು ಆಯ್ಕೆ: ಒಟ್ಟು 81 ಬಗೆಯ ಮುಖಗಳು ಸಾಧ್ಯ. ಪೂರ್ತಿ ಸರಿಯಾದದ್ದು ಒಂದೇ. ಮಕ್ಕಳು ಚಿತ್ರಗಳನ್ನು ಗೋಡೆಗೆ ಅಂಟಿಸಿದಾಗ ದೂರದಿಂದಲೇ ತಿಳಿಯುತ್ತದೆ. ಮೂವತ್ತರಲ್ಲಿ ಹನ್ನೆರಡು ಮುಖಕ್ಕೆ 7ರ ಕಣ್ಣು ಇದ್ದರೆ ನಾಳೆಯ ಪಾಠ ಆವರಣ ಬಿಡಿಸುವುದು. ಅದಕ್ಕೆ ಬೇರೆ ಪರೀಕ್ಷೆ ಬೇಕಾಗಿಲ್ಲ. ಒಬ್ಬನದೇ ಮುಖ ಎಲ್ಲ ಕಡೆ ಚಿಹ್ನೆಯ ತಪ್ಪಿನದಾಗಿದ್ದರೆ ಅವನನ್ನು ಹತ್ತಿರ ಕೂರಿಸಿ ಪೂರ್ಣಾಂಕಗಳ ಕೂಡು ಕಳೆಯನ್ನೇ ಮತ್ತೆ ನೋಡಬೇಕು. ಸಮೀಕರಣ ಅವನ ಸಮಸ್ಯೆಯೇ ಅಲ್ಲ.

ಕೊಳ್ಳುವಾಗ ಈ ಪರೀಕ್ಷೆ ಮಾಡಿ: ಹಾಳೆಯ ಒಂದು ಪ್ರಶ್ನೆ ತೆಗೆದುಕೊಂಡು ಮಕ್ಕಳ ಹಾಗೆ ಬೇಕೆಂದೇ ತಪ್ಪು ಮಾಡಿ. ನಿಮ್ಮ ತಪ್ಪು ಉತ್ತರ ಆಯ್ಕೆಯಲ್ಲಿ ಇದೆಯೇ? ಇಲ್ಲದಿದ್ದರೆ ಆ ಹಾಳೆ ಮಾಡಿದವರು ತರಗತಿ ನೋಡದವರು. ಚಿತ್ರ ಎಷ್ಟೇ ಚೆನ್ನಾಗಿರಲಿ, ಬಿಟ್ಟುಬಿಡಿ.

ಅನಿಮೆ ಎಂಬುದು ಲೆಕ್ಕದ ಒಳಗೆ ಬಂದಿದೆಯೋ, ಮೂಲೆಯಲ್ಲಿ ಅಂಟಿಸಿದ ಚಿತ್ರ ಮಾತ್ರವೋ ಎಂಬುದನ್ನೂ ನೋಡಬೇಕು. ಅನಿಮೆಯ ಕತೆಗಳಲ್ಲಿ ಶಕ್ತಿ ಏರುವುದು, ರೂಪ ಬದಲಿಸುವುದು, ಹೊಡೆತಕ್ಕೆ ಶಕ್ತಿ ಇಳಿಯುವುದು ಇದ್ದೇ ಇರುತ್ತದೆ. ಅದು ಸಮೀಕರಣಕ್ಕೆ ಹೇಳಿ ಮಾಡಿಸಿದ ಸಾಮಗ್ರಿ. ಒಬ್ಬ ಯೋಧನ ಶಕ್ತಿ ರೂಪ ಬದಲಿಸಿದಾಗ ಎರಡರಷ್ಟಾಯಿತು, ಒಂದು ಹೊಡೆತಕ್ಕೆ 30 ಇಳಿಯಿತು, ಈಗ 90 ಉಳಿದಿದೆ. ಮೊದಲು ಎಷ್ಟಿತ್ತು? 2ಕ್ಷ − 30 = 90, ಕ್ಷ = 60. ಕೊನೆಯಿಂದ ಹಿಂದಕ್ಕೆ ನಡೆದರೆ ಉತ್ತರ: ಇಳಿದ 30 ಮರಳಿಸು, 120. ಎರಡರಿಂದ ಭಾಗಿಸು, 60. ಯಾವ ಕ್ರಿಯೆಯನ್ನು ಮೊದಲು ಬಿಚ್ಚಬೇಕು ಎಂಬ ಗೊಂದಲ ಇಲ್ಲಿ ಹುಟ್ಟುವುದೇ ಇಲ್ಲ. ಕೊನೆಗೆ ಆದದ್ದನ್ನು ಮೊದಲು ಬಿಚ್ಚಬೇಕು ಎಂದು ಕತೆಯೇ ಹೇಳುತ್ತದೆ.

ಕೊಂಡ ಹಾಳೆಗಳ ವಾಕ್ಯರೂಪದ ಲೆಕ್ಕಗಳು ಇಂಗ್ಲಿಷಿನಲ್ಲಿರುತ್ತವೆ, ಲೆಕ್ಕ ಡಾಲರಿನಲ್ಲಿರುತ್ತದೆ. ನಮ್ಮ ಮಕ್ಕಳ ಮನೆಮಾತು ತುಳುವೋ, ಹವ್ಯಕವೋ, ಮಲಯಾಳವೋ, ಬ್ಯಾರಿಯೋ, ಮರಾಠಿಯೋ, ಪಾಠ ಕನ್ನಡದಲ್ಲಿ. ಈ ಲೆಕ್ಕಗಳನ್ನು ಕನ್ನಡಕ್ಕೆ ತರುವಾಗ ಇಂಗ್ಲಿಷಿನ ವಾಕ್ಯವನ್ನು ಹಿಡಿದು ಎಳೆಯಬೇಡಿ. ಒಂದು ಸಂಖ್ಯೆಗಿಂತ 5 ಕಡಿಮೆ ಎಂದಾಗ ಕನ್ನಡದಲ್ಲಿ ಸಂಖ್ಯೆ ಮೊದಲು, 5 ಆಮೇಲೆ. ಹೇಳಿದ ಸಾಲಿನಲ್ಲೇ ಕ್ಷ − 5 ಎಂದು ಬರೆದರಾಯಿತು. ಇಂಗ್ಲಿಷಿನಲ್ಲಿ 5 ಮೊದಲು ಬರುವುದರಿಂದ ಆ ಭಾಷೆಯ ಮಕ್ಕಳು 5 − ಕ್ಷ ಎಂದು ತಪ್ಪುತ್ತಾರೆ, ಆ ತಪ್ಪಿಗೆಂದೇ ಹಾಳೆಯಲ್ಲಿ ಪ್ರಶ್ನೆಗಳಿರುತ್ತವೆ. ನಮ್ಮ ಮಕ್ಕಳಿಗೆ ಅವು ಬೇಡ. ನಮಗೆ ತೊಡಕು 5ನ್ನು ಒಂದು ಸಂಖ್ಯೆಯಿಂದ ಕಳೆದರೆ ಎಂಬ ವಾಕ್ಯದಲ್ಲಿ, ಅದನ್ನು ಸೇರಿಸಿ. ಹಾಗೆಯೇ ಒಂದು ಸಂಖ್ಯೆಯನ್ನು ಎರಡರಿಂದ ಗುಣಿಸಿ 3 ಕೂಡಿದರೆ 2ಕ್ಷ + 3, ಒಂದು ಸಂಖ್ಯೆಗೆ 3 ಕೂಡಿ ಎರಡರಿಂದ ಗುಣಿಸಿದರೆ 2(ಕ್ಷ + 3). ಕನ್ನಡದ ಕ್ರಿಯಾಪದಗಳು ಲೆಕ್ಕ ನಡೆದ ಕ್ರಮದಲ್ಲೇ ಬರುತ್ತವೆ. ಈ ಎರಡು ವಾಕ್ಯಗಳನ್ನು ಅಕ್ಕಪಕ್ಕ ಇಟ್ಟರೆ ಆವರಣ ಯಾಕೆ ಬೇಕು ಎಂದು ವಿವರಿಸುವುದೇ ಬೇಡ. ಡಾಲರನ್ನು ರೂಪಾಯಿ ಮಾಡಿ, ಆದರೆ ನಿಂಜನನ್ನು ಅಡಕೆ ತೋಟಕ್ಕೆ ಕರೆತರಬೇಕಾಗಿಲ್ಲ. ಮಕ್ಕಳಿಗೆ ಅವನು ಅವನ ಊರಿನಲ್ಲೇ ಇಷ್ಟ. ಅಂದಹಾಗೆ ಜಪಾನಿನ ಮಧ್ಯಮ ಶಾಲೆ ಮೂರು ವರ್ಷದ್ದು, ಒಂದು ಅಜ್ಞಾತದ ಸಮೀಕರಣ ಅಲ್ಲಿ ಮೊದಲ ವರ್ಷದ ಪಾಠ. ಸಮವಸ್ತ್ರ ತೊಟ್ಟು ಓಡುವ ಆ ಪಾತ್ರಗಳ ವಯಸ್ಸಿನವರೂ ಇದೇ ಲೆಕ್ಕ ಮಾಡುತ್ತಿರುತ್ತಾರೆ ಎಂದರೆ ಮಕ್ಕಳ ಕಿವಿ ನೆಟ್ಟಗಾಗುತ್ತದೆ. ಕೆಲವು ಹಾಳೆಗಳಲ್ಲಿ ಚಿತ್ರಕತೆಯ ಚೌಕಟ್ಟುಗಳು ಜಪಾನೀ ಕ್ರಮದಲ್ಲಿ ಬಲದಿಂದ ಎಡಕ್ಕೆ ಸಾಗುತ್ತವೆ. ಸಮೀಕರಣ ಎಡದಿಂದ ಬಲಕ್ಕೇ. ಚೌಕಟ್ಟಿಗೆ 1, 2, 3 ಎಂದು ಸಂಖ್ಯೆ ಹಾಕದಿದ್ದರೆ ಮಕ್ಕಳು ಕೊನೆಯ ಪ್ರಶ್ನೆಯಿಂದ ಶುರುಮಾಡುತ್ತಾರೆ.

ಪರವಾನಗಿ ಓದಿ. ಹೆಚ್ಚಿನ ಹಾಳೆಗಳನ್ನು ಒಬ್ಬ ಶಿಕ್ಷಕರಿಗೆ, ಅವರ ತರಗತಿಗೆ ಮಾತ್ರ ಎಂದು ಮಾರುತ್ತಾರೆ. ಕೊಂಡ ಕಡತವನ್ನು ಗಣಿತ ಶಿಕ್ಷಕರ ವಾಟ್ಸ್ಆ್ಯಪ್ ಗುಂಪಿಗೆ ಹಾಕುವುದು ಸರಿಯಲ್ಲ. ಹೆಸರಾದ ಧಾರಾವಾಹಿಗಳ ಪಾತ್ರಗಳಿಗೆ ಹಕ್ಕುದಾರರಿದ್ದಾರೆ. ಆ ಶೈಲಿಯಲ್ಲಿ ಹೊಸದಾಗಿ ಬಿಡಿಸಿದ ಪಾತ್ರಗಳಿರುವ ಹಾಳೆಯಾದರೆ ಗೋಡೆಗೆ ಅಂಟಿಸಲೂ ಶಾಲೆಯ ಪತ್ರಿಕೆಯಲ್ಲಿ ಹಾಕಲೂ ನಿಶ್ಚಿಂತೆ.

ದುಡ್ಡು ಕೊಡದೆಯೂ ಒಂದು ಮಾಡಿಕೊಳ್ಳಬಹುದು. ಕ್ಯಾಲ್ಕ್‌ನಲ್ಲಿ 20 ಸಾಲು, 20 ಕಂಬ ಆರಿಸಿ ಅಗಲ ಎತ್ತರ ಎರಡನ್ನೂ ಅರ್ಧ ಸೆಂಟಿಮೀಟರ್ ಮಾಡಿ. ಚೌಕುಳಿ ಪುಸ್ತಕದಲ್ಲಿ ಮಗುವೇ ಬಿಡಿಸಿದ ಮುಖವನ್ನು ಮಾದರಿಗೆ ಇಟ್ಟುಕೊಂಡು, ಕೂದಲಿನ ಚೌಕಗಳನ್ನು ಕಂಟ್ರೋಲ್ ಒತ್ತಿ ಹಿಡಿದು ಆರಿಸಿ. ಫಾರ್ಮ್ಯಾಟ್ ಪಟ್ಟಿಯ ಕಂಡೀಷನಲ್‌ಗೆ ಹೋಗಿ, ಕೂದಲಿಗೆ ಈ ಸಲ 2(ಕ್ಷ − 4) = 10 ಎಂಬ ಲೆಕ್ಕ ಇಟ್ಟುಕೊಂಡು, ಉತ್ತರದ ಕೋಶ 9ಕ್ಕೆ ಸಮವಾದರೆ ಕಪ್ಪು ಎಂಬ ಸೂತ್ರ ಕೊಡಿ. ಅದೇ ಚೌಕಗಳಿಗೆ ಎರಡನೇ ನಿಯಮ: ಉತ್ತರ 7 ಆದರೆ ಕೆಂಪು. ಸೂತ್ರದಲ್ಲಿ ಕೋಶದ ಹೆಸರಿನ ಎರಡೂ ಭಾಗಕ್ಕೆ ಡಾಲರ್ ಚಿಹ್ನೆ ಹಾಕಬೇಕು, ಇಲ್ಲದಿದ್ದರೆ ಪ್ರತಿ ಚೌಕವೂ ಬೇರೆ ಬೇರೆ ಕೋಶವನ್ನು ನೋಡಿ ಅಲ್ಲೊಂದು ಇಲ್ಲೊಂದು ಚುಕ್ಕಿ ಮಾತ್ರ ಬಣ್ಣಗೊಳ್ಳುತ್ತದೆ. ಐದು ಪ್ರಶ್ನೆಗೆ ಐದು ಅಂಗ ಸಾಕು. ಕೂದಲು ಕೆಂಪಾಗಿ ಬಂದ ಮಗುವಿಗೆ ಕೇಳಬೇಕಾದ ಪ್ರಶ್ನೆ ಒಂದೇ: ಆವರಣದ ಒಳಗಿನ 4ನ್ನು 2ರಿಂದ ಗುಣಿಸಿದೆಯಾ?